ಹಂಗು ಬೇರೆ, ಕೃತಜ್ಞತೆ ಬೇರೆ

ನಮ್ಮ ಮಾಸಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಬರೆದ ಲೇಖನವನ್ನು ವಾಚಕರು ಓದಿಯೇ ಇರುತ್ತೀರಿ. ವಿಜಯಪುರದ ಕಡೆಯಿಂದ ನೌಕರಿಗೆಂದು ಮುಂಬಯಿಗೆ ಬಂದ ಹುಡುಗನೊಬ್ಬನಿಗೆ ಅವರು ಸಾಯನ್ನಿನಲ್ಲಿ ಖೋಲಿ ಹುಡುಕಿಕೊಟ್ಟರು. ಮೂರು ತಿಂಗಳು ಮನೆಯಲ್ಲೇ ಊಟ ಹಾಕಿದರು. ವರ್ಷ ತುಂಬುವುದರೊಳಗೆ ಆ ಹುಡುಗ ಬೆಂಗಳೂರಿನಲ್ಲಿ ಬೇರೆ ಕೆಲಸ ಹಿಡಿದು, ಒಂದು ಮಾತೂ ಹೇಳದೆ ಹೊರಟುಹೋದ. ‘ಹತ್ತಿದ ಏಣಿಯನ್ನು ಒದೆಯುವ ಕಾಲ ಬಂದಿದೆ. ಇಂದಿನ ತರುಣರಿಗೆ ಕೃತಜ್ಞತೆ ಎಂಬ ಪದದ ಅರ್ಥವೇ ಗೊತ್ತಿಲ್ಲ’ ಎಂದು ಅವರು ನೊಂದು ಬರೆದಿದ್ದಾರೆ.

ಆ ನೋವು ನಿಜವಾದದ್ದು. ಹೋಗುವ ಮುನ್ನ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ‘ಹೋಗಿಬರುತ್ತೇನೆ’ ಎನ್ನದ ಹುಡುಗನನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಲೇಖನದ ಕೊನೆಯಲ್ಲಿ ಅವರು ಕೊಟ್ಟ ಸಲಹೆಯನ್ನು ಮಾತ್ರ ಒಪ್ಪಲಾರೆ. ಇನ್ನು ಮುಂದೆ ಸಂಘದ ನೆರವು ಪಡೆಯುವ ಹುಡುಗರಿಂದ, ಕನಿಷ್ಠ ಮೂರು ವರ್ಷ ಸಂಘದ ಎಲ್ಲ ಕಾರ್ಯಕ್ರಮಗಳಿಗೂ ಬಂದು ಕೆಲಸ ಮಾಡುತ್ತೇನೆ ಎಂಬ ಮಾತನ್ನು ಮೊದಲೇ ಪಡೆಯಬೇಕಂತೆ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಈ ಸಲಹೆ ಚರ್ಚೆಗೆ ಬರಲಿದೆ ಎಂದು ಕೇಳಿದ್ದೇನೆ. ಆದ್ದರಿಂದಲೇ ಈ ಪ್ರತಿಕ್ರಿಯೆ. ನಾನು ಲೇಖಕನಲ್ಲ. ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಫೈಲು ಸಾಗಿಸುತ್ತಿರುವ ಗುಮಾಸ್ತ. ಟಿಪ್ಪಣಿ ಬರೆದು ಅಭ್ಯಾಸವಿದೆಯೇ ಹೊರತು ಲೇಖನ ಬರೆದಲ್ಲ. ಮಾತು ಒರಟಾದರೆ ಹಿರಿಯರು ಮನ್ನಿಸಬೇಕು.

ನನ್ನ ವಾದ ಇಷ್ಟೆ. ನಾವು ಕೃತಜ್ಞತೆ ಎಂದು ಹೆಸರಿಟ್ಟು ಹುಡುಗರಿಗೆ ಕಲಿಸುತ್ತಿರುವುದು ಕೃತಜ್ಞತೆಯನ್ನಲ್ಲ, ಹಂಗನ್ನು. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿರುವುದು ಸುಮ್ಮನೆ ಅಲ್ಲ. ಹಂಗಿನಲ್ಲಿರುವವನು ತಲೆ ತಗ್ಗಿಸುತ್ತಾನೆ, ಕೃತಜ್ಞನಾದವನು ಕೈ ಚಾಚುತ್ತಾನೆ. ಹೊಸದಾಗಿ ನೌಕರಿಗೆ ಸೇರಿದ ಮೊದಲ ಎರಡು ಮೂರು ವರ್ಷ ಮನುಷ್ಯ ಬೆಳೆಯುವ ಕಾಲ. ಆಗ ಹಂಗು ಅವನನ್ನು ಕುಗ್ಗಿಸುತ್ತದೆ, ಕೃತಜ್ಞತೆ ಬೆಳೆಸುತ್ತದೆ. ಎರಡನ್ನೂ ನಾನು ಉಂಡಿದ್ದೇನೆ. ಆ ಕಥೆಯನ್ನು ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ.

2005ರ ಜೂನ್ ತಿಂಗಳು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ ಪಾಸಾಗಿ, ಹಾವೇರಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಈ ಊರಿಗೆ ಬಂದಿಳಿದೆ. ಮರಾಠಿ ಬಾರದು. ಹಿಂದಿ ಎಂದರೆ ಸಿನಿಮಾ ಹಾಡಿನಷ್ಟು. ನಮ್ಮ ಕಚೇರಿಯಲ್ಲೇ ಮೇಲಿನ ಹುದ್ದೆಯಲ್ಲಿದ್ದ ನಮ್ಮ ಕಡೆಯವರೇ ಒಬ್ಬರು ನನ್ನ ಹೆಸರು, ಊರು ಕೇಳಿದವರೇ ಡೊಂಬಿವಲಿಯ ತಮ್ಮ ಮನೆಗೆ ಕರೆದೊಯ್ದರು. ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲೇ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ನಾನೊಬ್ಬ. ನಾಲ್ಕು ತಿಂಗಳು ಅವರ ಮನೆಯ ರೊಟ್ಟಿ ತಿಂದೆ. ಆ ತಾಯಿ ನನಗೆಂದು ಬೆಳಗಿನ ಐದಕ್ಕೆ ಎದ್ದು ಡಬ್ಬಿ ಕಟ್ಟುತ್ತಿದ್ದರು. ಇದನ್ನು ಮರೆತರೆ ನನಗೆ ಒಳ್ಳೆಯದಾಗದು. ಮರೆತಿಲ್ಲ.

ಕಚೇರಿಯಲ್ಲಿ ನನ್ನನ್ನು ಹಾಕಿದ್ದು ಟಪಾಲು ವಿಭಾಗಕ್ಕೆ. ಬಂದ ಕಾಗದಗಳನ್ನು ಡೈರಿಯಲ್ಲಿ ಬರೆದು ಆಯಾ ವಿಭಾಗಕ್ಕೆ ಕಳಿಸುವುದು, ಹೋಗುವ ಕಾಗದಗಳನ್ನು ಡಿಸ್ಪ್ಯಾಚ್ ಮಾಡುವುದು. ಅಲ್ಲಿ ಐವತ್ತು ದಾಟಿದ ಮರಾಠಿ ಹೆಣ್ಣುಮಗಳೊಬ್ಬರು ಹಿರಿಯ ಗುಮಾಸ್ತೆ. ಎಲ್ಲರೂ ಅವರನ್ನು ‘ತಾಯಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದರರ್ಥ ಅಕ್ಕ ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ಅಷ್ಟರಲ್ಲಿ ನಾನು ಕನ್ನಡದ ಅರ್ಥದಲ್ಲೇ ಕರೆದು ರೂಢಿಯಾಗಿಬಿಟ್ಟಿತ್ತು.

ಮೊದಲ ವಾರ ಅವರು ಒಂದು ಫೈಲು ಕೊಟ್ಟು ‘ಪಿ.ಯು.ಸಿ. ಎಲ್ಲಿದೆ ನೋಡು’ ಎಂದರು. ನಾನು ಎದೆಯುಬ್ಬಿಸಿ, ‘ಪಿ.ಯು.ಸಿ. ಅಷ್ಟೇ ಅಲ್ಲ, ಬಿ.ಎಸ್ಸಿ. ಕೂಡ ಆಗಿದೆ’ ಎಂದೆ. ಇಡೀ ವಿಭಾಗ ನಕ್ಕಿತು. ಕಚೇರಿಯ ಭಾಷೆಯಲ್ಲಿ ಪಿ.ಯು.ಸಿ. ಎಂದರೆ ಸದ್ಯ ಪರಿಶೀಲನೆಯಲ್ಲಿರುವ ಕಾಗದ. ಅದಕ್ಕೆ ಚೀಟಿ ಅಂಟಿಸಿ ಮೇಲಿನವರಿಗೆ ಕಾಣುವಂತೆ ಗುರುತು ಹಾಕಬೇಕು. ತಾಯಿ ನಗಲಿಲ್ಲ. ‘ನಮ್ಮಲ್ಲಿ ಪಿ.ಯು.ಸಿ. ದಿನವೂ ಪಾಸಾಗಬೇಕು, ಬಾಳಾ’ ಎಂದು ಹೇಳಿ, ಟಿಪ್ಪಣಿ ಎಡಗಡೆ, ಪತ್ರವ್ಯವಹಾರ ಬಲಗಡೆ, ಪುಟಸಂಖ್ಯೆ ಹೀಗೆ, ಹಳೆಯ ಆದೇಶದ ಉಲ್ಲೇಖ ಹೀಗೆ ಎಂದು ಮೊದಲಿನಿಂದ ತೋರಿಸಿಕೊಟ್ಟರು. ಮೂರು ವರ್ಷ ರಸಾಯನಶಾಸ್ತ್ರ, ಭೌತಶಾಸ್ತ್ರ ಓದಿ ಬಂದವನು ಇದೇನು ಮಹಾ ವಿದ್ಯೆ ಎಂದು ಒಳಗೊಳಗೇ ಅಂದುಕೊಂಡೆ. ಅದು ವಿದ್ಯೆಯೇ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಅವರು ಕಲಿಸಿದ ಒಂದು ಪಾಠವನ್ನು ಇಲ್ಲಿ ಹೇಳಲೇಬೇಕು. ಸಂಜೆ ಡೈರಿ ಮುಚ್ಚುವ ಮುನ್ನ ಆ ದಿನದ ಕೊನೆಯ ನಮೂದಿನ ಕೆಳಗೆ, ಪುಟದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು ಸಹಿ ಮಾಡಬೇಕು. ‘ಏಕೆ?’ ಎಂದು ಕೇಳಿದೆ. ‘ನಾಳೆ ಬೆಳಿಗ್ಗೆ ಯಾರಾದರೂ ಬಂದು, ಇದನ್ನು ನಿನ್ನೆಯ ತಾರೀಖಿನಲ್ಲಿ ಬರಿ ಎಂದರೆ ಜಾಗ ಇರಬಾರದಲ್ಲ, ಅದಕ್ಕೆ’ ಎಂದರು.

ಆ ವರ್ಷದ ಜುಲೈ 26ನ್ನು ಮುಂಬಯಿಯಲ್ಲಿದ್ದ ಯಾರೂ ಮರೆಯುವಂತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆದ್ದರಿಂದ ಕೋಟೆ ಭಾಗದ ಕಚೇರಿಗಳಲ್ಲಿ ಕುಳಿತಿದ್ದ ನಮಗೆ ಊರು ಮುಳುಗಿದ್ದು ಗೊತ್ತೇ ಆಗಲಿಲ್ಲ. ಸಂಜೆ ಸಿ.ಎಸ್.ಟಿ.ಗೆ ಹೋದರೆ ಗಾಡಿಗಳೆಲ್ಲ ನಿಂತಿವೆ. ಡೊಂಬಿವಲಿಗೆ ಹೋಗುವ ದಾರಿಯೇ ಇಲ್ಲ. ಹೊಸದಾಗಿ ಸೇರಿದ ನಾವು ಮೂವರು ಹುಡುಗರು ಪ್ಲಾಟ್‌ಫಾರ್ಮಿನಲ್ಲಿ ಕಣ್ಣು ಕಣ್ಣು ಬಿಡುತ್ತ ನಿಂತಾಗ, ತಾಯಿ ನಮ್ಮನ್ನು ಹುಡುಕಿಕೊಂಡು ಬಂದು ಗಿರಗಾಂವಿನ ತಮ್ಮ ಚಾಳಿಗೆ ನಡೆಸಿಕೊಂಡು ಹೋದರು. ಎರಡು ರಾತ್ರಿ ಅಲ್ಲಿ ಪಿಠಲ ಭಾಕರಿ ತಿಂದು ಮಲಗಿದೆವು. ಒಬ್ಬ ಕನ್ನಡಿಗ, ಒಬ್ಬ ಬಿಹಾರಿ, ಒಬ್ಬ ಮಲಯಾಳಿ. ಅವರು ನಮ್ಮ ಜಾತಿ ಕೇಳಲಿಲ್ಲ, ಭಾಷೆ ಕೇಳಲಿಲ್ಲ. ಆಮೇಲೆ ಒಂಬತ್ತು ವರ್ಷ ಒಂದೇ ಕಚೇರಿಯಲ್ಲಿದ್ದೆವು. ‘ಅಂದು ನಾನು ನಿಮಗೆ ಜಾಗ ಕೊಟ್ಟಿದ್ದೆ’ ಎಂಬ ಮಾತು ಒಮ್ಮೆಯಾದರೂ ಅವರ ಬಾಯಿಂದ ಬರಲಿಲ್ಲ.

ಇತ್ತ ಡೊಂಬಿವಲಿಯ ಹಿರಿಯರು ನಾನು ಬೇರೆ ಖೋಲಿ ಮಾಡಿದ ಮೇಲೂ ನಾಲ್ಕು ತಿಂಗಳ ಲೆಕ್ಕವನ್ನು ನೆನಪಿಸುತ್ತಲೇ ಇದ್ದರು. ಮೊದಮೊದಲು ಸಣ್ಣ ಕೆಲಸಗಳು. ರೇಶನ್ ಕಾರ್ಡಿನ ಅರ್ಜಿ ತುಂಬು, ಮಗನನ್ನು ಟ್ಯೂಷನ್ನಿಗೆ ಬಿಡು, ಭಾನುವಾರ ಸಂಘದ ಸಭೆಗೆ ಕುರ್ಚಿ ಹಾಕು. ಸಂತೋಷದಿಂದಲೇ ಮಾಡಿದೆ. 2007ರಲ್ಲಿ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಒಂದು ಲಕೋಟೆ ಹಿಡಿದು ನನ್ನ ಮೇಜಿಗೆ ಬಂದರು. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಗಡುವು ಮುಗಿದಿದ್ದ ಒಂದು ಖರೀದಿಯ ಕೊಟೇಶನ್ ಅದು. ‘ಇದನ್ನ ನಿನ್ನಿ ತಾರೀಕಿನಾಗ ಹತ್ತಿಸು, ತಮ್ಮಾ’ ಎಂದರು.

ಡೈರಿಯಲ್ಲಿ ಹಿಂದಿನ ದಿನದ ಗೆರೆ ಎಳೆದಾಗಿತ್ತು. ತೋರಿಸಿದೆ. ‘ಗೆರಿ ಮ್ಯಾಲೆ ಸಣ್ಣಗೆ ಒಂದು ಸಾಲು ಹಿಡಸ್ತದ’ ಎಂದರು. ನಾನು ಸುಮ್ಮನೆ ಕುಳಿತೆ. ಆಗ ಅವರು ದನಿ ತಗ್ಗಿಸಿ ಅಂದರು: ‘ನಾಲ್ಕು ತಿಂಗಳ ನಮ್ಮನಿ ಅನ್ನ ಉಂಡೀಯಲ್ಲ, ಅದಕ್ಕರ ಒಂದು ಬೆಲಿ ಬ್ಯಾಡೇನು?’

ಸತ್ಯ ಹೇಳುತ್ತೇನೆ. ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಆ ಮಾತಿಗೆ ಅಷ್ಟು ಬಲವಿತ್ತು. ಹಣದ ಆಸೆ ತೋರಿಸಿದ್ದರೆ ಒಲ್ಲೆ ಎನ್ನುವುದು ಸುಲಭವಿತ್ತು, ಹೆದರಿಸಿದ್ದರೂ ಅಷ್ಟೇ. ಅವರು ತೋರಿಸಿದ್ದು ಅನ್ನವನ್ನು. ಎದುರು ಮೇಜಿನಿಂದ ತಾಯಿ ತಲೆಯೆತ್ತದೆ, ‘ಬಾಳಾ, ಈಗ ಗಂಟೆ ಎಷ್ಟು?’ ಎಂದು ಕೇಳಿದರು. ಗೋಡೆಯ ಗಡಿಯಾರ ನೋಡಿದೆ. ‘ಹತ್ತು ನಲವತ್ತು’ ಎಂದೆ. ‘ಹಾಗಿದ್ದರೆ ಹತ್ತು ನಲವತ್ತು ಎಂದು ಬರಿ’ ಎಂದರು. ಬರೆದೆ.

ಆರು ತಿಂಗಳಲ್ಲಿ ನನ್ನನ್ನು ರೆಕಾರ್ಡ್ ರೂಮಿಗೆ ಹಾಕಿದರು. ಎರಡು ವರ್ಷ ಧೂಳು ತಿಂದೆ. ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಬೇರೆ. ನಮ್ಮ ಜನರ ನಡುವೆ ನಾನು ‘ಉಂಡ ಮನೆಗೆ ಎರಡು ಬಗೆದವ’ ಎಂದಾದೆ. ನಾನೂ ಅದನ್ನು ಎಷ್ಟೋ ವರ್ಷ ನಂಬಿದ್ದೆ. ರಾತ್ರಿ ಊಟಕ್ಕೆ ಕುಳಿತರೆ ಆ ಮನೆಯ ರೊಟ್ಟಿ ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ. ಒಬ್ಬ ಇಪ್ಪತ್ತನಾಲ್ಕು ವರ್ಷದ ಹುಡುಗ ಸರಿಯಾದ ಕೆಲಸ ಮಾಡಿ ಅಪರಾಧಿಯಂತೆ ತಿರುಗುವ ಹಾಗೆ ಮಾಡಿದ್ದು ಯಾವುದು? ಅದೇ ಹಂಗು. ಮೂರು ವರ್ಷದ ಮಾತು ಬರೆಸಿಕೊಳ್ಳಬೇಕೆನ್ನುವ ಮಹನೀಯರು ಇದನ್ನು ಸ್ವಲ್ಪ ಯೋಚಿಸಬೇಕು. ನೀವು ಕೇಳುವುದು ಕುರ್ಚಿ ಹಾಕುವ ಕೆಲಸವನ್ನಷ್ಟೇ ಎಂದು ನನಗೆ ಗೊತ್ತು. ಆದರೆ ಉಪಕಾರಕ್ಕೆ ಬೆಲೆ ಕಟ್ಟುವ ಹಕ್ಕು ಉಪಕಾರ ಮಾಡಿದವನ ಕೈಯಲ್ಲಿ ಒಮ್ಮೆ ಉಳಿದರೆ, ಇಂದು ಕುರ್ಚಿ, ನಾಳೆ ಏನು ಎಂಬುದಕ್ಕೆ ಯಾರು ಹೊಣೆ?

ಹಳಗನ್ನಡ ಕಾವ್ಯಗಳಲ್ಲಿ, ಶಾಸನಗಳಲ್ಲಿ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಒಡೆಯ ಕೊಟ್ಟ ಜೋಳದ ಋಣಕ್ಕಾಗಿ ಭಟನು ಯುದ್ಧದಲ್ಲಿ ಪ್ರಾಣ ಕೊಡುವ ಧರ್ಮ ಅದು. ಅದನ್ನು ಮೆಚ್ಚಿ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಕಾಲಕ್ಕೆ ಅದು ಸರಿಯಿದ್ದಿರಬಹುದು. ಆದರೆ ಇಂದಿನ ಕಚೇರಿಯಲ್ಲಿ ಜೋಳ ಅಳೆಯುವವರು ಸಾಹೇಬರಲ್ಲ. ನನ್ನ ಸಂಬಳ ಬರುವುದು ಜನರ ತೆರಿಗೆಯಿಂದ. ನನ್ನ ಜೋಳವಾಳಿ ಏನಿದ್ದರೂ ಕಿಟಕಿಯ ಆಚೆ ಅರ್ಜಿ ಹಿಡಿದು ನಿಂತ ಮನುಷ್ಯನಿಗೆ ಸಲ್ಲಬೇಕು.

ಸರಕಾರಿ ನಿಯಮಗಳು ಒಣ ಎಂದು ಎಲ್ಲರೂ ಬೈಯುತ್ತಾರೆ. ಆದರೆ ಈ ವಿಷಯದಲ್ಲಿ ಅವುಗಳಿಗೆ ನಮಗಿಂತ ಹೆಚ್ಚು ಸೂಕ್ಷ್ಮವಿದೆ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 14ನೆಯ ನಿಯಮದಂತೆ, ನೌಕರನೊಬ್ಬ ಸರಕಾರದ ಅನುಮತಿಯಿಲ್ಲದೆ ತನ್ನ ಗೌರವಾರ್ಥ ನಡೆಯುವ ಸಮಾರಂಭಕ್ಕೆ ಹೋಗುವಂತಿಲ್ಲ, ಮಾನಪತ್ರ ಸ್ವೀಕರಿಸುವಂತಿಲ್ಲ. ನಿವೃತ್ತಿ, ವರ್ಗಾವಣೆಗಳ ಸಮಯದಲ್ಲಿ ಖಾಸಗಿಯಾಗಿ, ಸರಳವಾಗಿ ನಡೆಯುವ ಬೀಳ್ಕೊಡುಗೆಗೆ ವಿನಾಯಿತಿ ಇದೆ. ಅದಕ್ಕೂ ಯಾರ ಮೇಲೂ ಒತ್ತಡ ತಂದು ಹಣ ಎತ್ತಕೂಡದು. ಕೆಳದರ್ಜೆಯ ನೌಕರರಿಂದ ಮೇಲ್ದರ್ಜೆಯ ಅಧಿಕಾರಿಯ ಸತ್ಕಾರಕ್ಕೆ ಚಂದಾ ಎತ್ತುವುದನ್ನಂತೂ ಯಾವ ಸಂದರ್ಭದಲ್ಲೂ ನಿಷೇಧಿಸಲಾಗಿದೆ. ಈ ನಿಯಮ ಬರೆದವರಿಗೆ ಮನುಷ್ಯಸ್ವಭಾವ ಗೊತ್ತಿತ್ತು. ಮೇಲಿನವನು ಬಯಸಿ ಪಡೆಯುವ ಕೃತಜ್ಞತೆಗೂ ಕಪ್ಪಕಾಣಿಕೆಗೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಅವರು ಬಲ್ಲರು.

ಇನ್ನೂ ದೊಡ್ಡವರ ಮಾತನ್ನು ನೆನೆಯೋಣ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಮಾಡಿದ ಭಾಷಣದಲ್ಲಿ ಕೃತಜ್ಞತೆಯ ಪ್ರಸ್ತಾಪ ಬರುತ್ತದೆ. ದೇಶಕ್ಕಾಗಿ ದುಡಿದ ಮಹನೀಯರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಕೃತಜ್ಞತೆಗೂ ಒಂದು ಎಲ್ಲೆಯಿದೆ ಎಂದು ಅವರು ಎಚ್ಚರಿಸಿದರು. ಮಾನವನ್ನೋ ಸ್ವಾತಂತ್ರ್ಯವನ್ನೋ ಬಲಿಕೊಟ್ಟು ಯಾರೂ ಕೃತಜ್ಞರಾಗಿರಲು ಸಾಧ್ಯವಿಲ್ಲ ಎಂಬ ಭಾವದ, ಐರ್ಲೆಂಡಿನ ಓಕಾನೆಲ್ ಹೇಳಿದ ಮಾತನ್ನು ಅವರು ಅಲ್ಲಿ ನೆನಪಿಸಿದರು. ಈ ಮಾತಾಡಿದವರು ಉಪಕಾರವನ್ನು ಅರಿಯದವರಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋಗಿ ಓದಿದವರು. ಕರಾರಿನಂತೆ ಸೇವೆ ಸಲ್ಲಿಸಲು 1917ರಲ್ಲಿ ಬರೋಡೆಗೆ ಹೋದರು. ಜಾತಿಯ ಕಾರಣಕ್ಕೆ ಆ ಊರಿನಲ್ಲಿ ತಲೆಯ ಮೇಲೊಂದು ಸೂರು ಸಿಗದೆ ಹಿಂದಿರುಗಬೇಕಾಯಿತು. ಋಣ ತೀರಿಸಲೆಂದೇ ಹೋದ ತರುಣನಿಗೆ ಊರು ಬಾಗಿಲು ತೆರೆಯಲಿಲ್ಲ. ತಮ್ಮ ಗುರು ಜಾನ್ ಡ್ಯೂಯಿಯವರಿಗೆ ತಾವು ಎಷ್ಟು ಋಣಿ ಎಂಬುದನ್ನು ಅದೇ ಅಂಬೇಡ್ಕರರು 1936ರ ತಮ್ಮ ‘ಜಾತಿ ವಿನಾಶ’ ಗ್ರಂಥದಲ್ಲಿ, ಕಟುವಾದ ವಾದದ ನಡುವೆಯೂ ನೆನೆದರು. ಎಲ್ಲೆ ಹಾಕಿದವರೇ ಋಣವನ್ನೂ ನೆನೆದರು ಎಂಬುದು ಗಮನಿಸಬೇಕಾದ ವಿಷಯ.

ವಿಜ್ಞಾನ ಓದಿದವನಾದ್ದರಿಂದ ನನಗೆ ಪ್ರಿಯವಾದ ಇನ್ನೊಂದು ಉದಾಹರಣೆ ಮೈಕೇಲ್ ಫ್ಯಾರಡೆಯದು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ತಾನೇ ರಟ್ಟು ಕಟ್ಟಿ ಅವನಿಗೆ ಕಳಿಸಿದ. 1813ರಲ್ಲಿ ಡೇವಿ ಅವನನ್ನು ಸಹಾಯಕನಾಗಿ ತೆಗೆದುಕೊಂಡ. ಅದೇ ವರ್ಷ ಯುರೋಪಿನ ಪ್ರವಾಸಕ್ಕೆ ಕರೆದೊಯ್ದ. ಅಲ್ಲಿ ಅವನು ಆಳಿನ ಕೆಲಸವನ್ನೂ ಮಾಡಬೇಕಾಯಿತು, ಡೇವಿಯ ಹೆಂಡತಿಯಿಂದ ಆಳಿನಂತೆಯೇ ಅನ್ನಿಸಿಕೊಳ್ಳಬೇಕಾಯಿತು. ಮುಂದೆ 1824ರಲ್ಲಿ ಫ್ಯಾರಡೆ ರಾಯಲ್ ಸೊಸೈಟಿಗೆ ಆಯ್ಕೆಯಾಗುವಾಗ ಅದನ್ನು ವಿರೋಧಿಸಿದವನೂ ಡೇವಿಯೇ! ಗುರುವಿನ ವಿರೋಧವಿದೆ ಎಂದು ಫ್ಯಾರಡೆ ಹಿಂದೆ ಸರಿಯಲಿಲ್ಲ, ಗುರುವನ್ನು ಜರೆಯಲೂ ಇಲ್ಲ. ಅವನು ಆ ಋಣ ತೀರಿಸಿದ ರೀತಿ ನೋಡಿ. ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಸಮಯದ ಉಪನ್ಯಾಸಮಾಲೆಯನ್ನು ಹತ್ತೊಂಬತ್ತು ಸಲ ನಡೆಸಿಕೊಟ್ಟ. ಒಂದು ಮೇಣದಬತ್ತಿಯನ್ನು ಹಿಡಿದು ರಸಾಯನಶಾಸ್ತ್ರವನ್ನೆಲ್ಲ ವಿವರಿಸಿದ. ಪಡೆದದ್ದನ್ನು ಡೇವಿಗೆ ಹಿಂದಿರುಗಿಸುವುದು ಹೇಗೂ ಆಗದ ಮಾತು, ಮುಂದೆ ಕುಳಿತ ಮಕ್ಕಳಿಗೆ ಕೊಟ್ಟ.

ಕೃತಜ್ಞತೆಯ ಮರ್ಮ ಇಲ್ಲಿದೆ. ಹಂಗು ಹಿಂದಕ್ಕೆ ಎಳೆಯುತ್ತದೆ, ಕೃತಜ್ಞತೆ ಮುಂದಕ್ಕೆ ಹರಿಯುತ್ತದೆ. ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ವಕೀಲರು, ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು ಆದ ದಕ್ಷಿಣ ಕನ್ನಡ, ಉಡುಪಿ ಕಡೆಯ ಹುಡುಗರ ಕಥೆ ಈ ಊರಿನ ಕನ್ನಡಿಗರಿಗೆಲ್ಲ ಗೊತ್ತು. ಆ ರಾತ್ರಿ ಶಾಲೆಗಳನ್ನು ಕಟ್ಟಿದವರು, ಅಲ್ಲಿ ಸಂಜೆ ಹೊತ್ತು ಪಾಠ ಹೇಳಿದವರು, ಹುಡುಗರಿಂದ ಮೂರು ವರ್ಷದ ಮುಚ್ಚಳಿಕೆ ಬರೆಸಿಕೊಂಡಿದ್ದರೇ? ಅಲ್ಲಿ ಓದಿದವರೇ ಮುಂದೆ ಅಲ್ಲಿ ಪಾಠ ಹೇಳಲು ಬಂದರು, ದೇಣಿಗೆ ಕೊಟ್ಟರು. ಯಾರೂ ಕೇಳಿರಲಿಲ್ಲ, ಆದ್ದರಿಂದಲೇ ಕೊಟ್ಟರು.

‘ಹಾಗಾದರೆ ಕಂಪನಿಗಳು ಹುಡುಗರಿಂದ ಬಾಂಡ್ ಬರೆಸಿಕೊಳ್ಳುವುದಿಲ್ಲವೇ? ಸಂಘ ಕೇಳಿದರೆ ಮಾತ್ರ ತಪ್ಪೇ?’ ಎಂದು ಕೆಲವರು ಕೇಳಿಯಾರು. ಬರೆಸಿಕೊಳ್ಳುತ್ತಾರೆ, ನಿಜ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಒಂದು ಸಾರ್ವಜನಿಕ ವಲಯದ ಬ್ಯಾಂಕಿನ ಕರಾರನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಅಲ್ಲೊಂದು ಪ್ರಾಮಾಣಿಕತೆಯಿದೆ. ಮೊತ್ತ ಇಷ್ಟು, ಅವಧಿ ಇಷ್ಟು ಎಂದು ಬರೆದಿದೆ. ಹಣ ಕಟ್ಟಿದವನು ತಲೆಯೆತ್ತಿ ಹೊರಗೆ ಹೋಗಬಹುದು. ಅದನ್ನು ಯಾರೂ ಕೃತಜ್ಞತೆ ಎನ್ನುವುದಿಲ್ಲ, ಕರಾರು ಎನ್ನುತ್ತಾರೆ. ಹಂಗಿಗೆ ಮೊತ್ತವಿಲ್ಲ, ಅವಧಿಯಿಲ್ಲ, ರಸೀದಿಯಿಲ್ಲ. ಡೊಂಬಿವಲಿಯ ನಾಲ್ಕು ತಿಂಗಳ ಊಟಕ್ಕೆ ಇಷ್ಟು ರೂಪಾಯಿ ಎಂದು ಅವರು ಹೇಳಿದ್ದರೆ ಮೊದಲ ಬಾಕಿ ವೇತನದಲ್ಲೇ ಕೊಟ್ಟು ಕಾಲಿಗೆ ಬೀಳುತ್ತಿದ್ದೆ. ಅವರು ಕೇಳಿದ್ದು ನನ್ನ ಸಹಿಯನ್ನು.

ಇನ್ನು ತರುಣರಿಗೆ ಎರಡು ಮಾತು. ಇಷ್ಟು ಓದಿ ನೀವು ನಗಬೇಕಾಗಿಲ್ಲ. ‘ನನ್ನ ಬುದ್ಧಿಯಿಂದ ಬಂದೆ, ಯಾರ ಹಂಗೂ ಇಲ್ಲ’ ಎನ್ನುವವನು ಹಂಗನ್ನು ಬಿಟ್ಟಿರಬಹುದು, ಆದರೆ ಅವನು ಕಣ್ಣನ್ನೂ ಮುಚ್ಚಿಕೊಂಡಿದ್ದಾನೆ. ನಾನು ಪರೀಕ್ಷೆ ಬರೆದಾಗ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ ಇತ್ತು. 2023ರಲ್ಲಿ ಅದೇ ಆಯೋಗದ ಎಂ.ಟಿ.ಎಸ್. ಪರೀಕ್ಷೆಯನ್ನು ಮೊದಲ ಬಾರಿಗೆ ಕನ್ನಡವೂ ಸೇರಿದಂತೆ ಇನ್ನೂ 13 ಭಾಷೆಗಳಲ್ಲಿ ನಡೆಸಲಾಯಿತು. ಕನ್ನಡದಲ್ಲಿ ಪರೀಕ್ಷೆ ಬರೆದು ಬಂದ ಹುಡುಗನೇ, ಅದು ತಾನಾಗಿ ಬಂದಿತೇ? ಎಷ್ಟು ಮನವಿಗಳು, ಎಷ್ಟು ಧರಣಿಗಳು, ಎಷ್ಟು ವರ್ಷ! ಅವರ ಹೆಸರು ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವರ ಉಪಕಾರವನ್ನು ನೆನೆಯುವುದು ಹೇಗೆಂದು ಯೋಚಿಸು. ಈಗ ಕಾಗದದ ಫೈಲು ಹೋಗಿ ಇ-ಆಫೀಸ್ ಬಂದಿದೆ. ಡೈರಿಯಲ್ಲಿ ಗೆರೆ ಎಳೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆದರೆ ‘ಈಗ ಗಂಟೆ ಎಷ್ಟು?’ ಎಂದು ತಕ್ಕ ಸಮಯದಲ್ಲಿ ಕೇಳುವ ಕೆಲಸಕ್ಕೆ ಇನ್ನೂ ಯಂತ್ರ ಬಂದಿಲ್ಲ. ಅಂಥವರು ನಿನ್ನ ಪಕ್ಕದ ಮೇಜಿನಲ್ಲಿದ್ದರೆ ಗುರುತಿಸು. ಗುರುತಿಸಿದ ಮೇಲೆ ಬಾಯಿ ಬಿಟ್ಟು ಹೇಳು, ತಡ ಮಾಡಬೇಡ.

ತಡ ಮಾಡಿದವನ ಗತಿ ಏನೆಂದು ನಾನು ಬಲ್ಲೆ. ತಾಯಿ 2014ರಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದೆ. ಒಂದು ದಿನ ಗಿರಗಾಂವಿಗೆ ಹೋಗಿ, ಆ ಬೆಳಗಿನ ಹತ್ತು ನಲವತ್ತರ ವಿಷಯ ಎತ್ತಿ, ‘ಅಂದು ನೀವು ನನ್ನನ್ನು ಉಳಿಸಿದಿರಿ’ ಎಂದು ಹೇಳಬೇಕೆಂದುಕೊಂಡೆ. ಮಗಳ ಶಾಲೆ, ಕ್ವಾರ್ಟರ್ಸಿನ ಅರ್ಜಿ, ಇಲಾಖಾ ಪರೀಕ್ಷೆ ಎಂದು ಏಳು ವರ್ಷ ಕಳೆದವು. 2021ರ ಏಪ್ರಿಲಿನಲ್ಲಿ ಅವರು ಕೊರೋನಾದಿಂದ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಆಗಸ್ಟಿನಲ್ಲಿ. ಹೇಳಬೇಕಾದ ಮಾತು ನನ್ನ ಬಾಯಲ್ಲೇ ಉಳಿಯಿತು.

ಡೊಂಬಿವಲಿಯ ಹಿರಿಯರ ವಿಷಯವನ್ನೂ ಮುಗಿಸಿಬಿಡುತ್ತೇನೆ. 2016ರಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮಗ ಪರದೇಶದಲ್ಲಿದ್ದ. ಆರು ರಾತ್ರಿ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ನಾನು ಮಲಗಿದೆ. ಬೆಳಿಗ್ಗೆ ಮೋಸಂಬಿ ಸುಲಿದುಕೊಟ್ಟೆ. ನನ್ನ ಹೆಂಡತಿ ಮೆತ್ತಗೆ ಗಂಜಿ ಮಾಡಿ ಕಳಿಸಿದಳು. ಹಳೆಯ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದಿನಿಂದ ನನಗೆ ಊಟ ಇಳಿಯುತ್ತದೆ. ಅನ್ನದ ಋಣವನ್ನು ಅನ್ನದಿಂದಲೇ ತೀರಿಸಬೇಕು, ಸಹಿಯಿಂದ ಅಲ್ಲ.

ಕೊನೆಯದಾಗಿ ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಹುಡುಗರಿಂದ ಮಾತು ಪಡೆಯುವ ಸಲಹೆಯನ್ನು ದಯವಿಟ್ಟು ಕೈಬಿಡಿ. ಅದರ ಬದಲು ಮೂರು ಕೆಲಸ ಮಾಡೋಣ.

ಒಂದು, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳ ಖರ್ಚನ್ನು ಈ ವರ್ಷ ಅರ್ಧಕ್ಕೆ ಇಳಿಸೋಣ. ನಮ್ಮ ವೇದಿಕೆಯ ಮೇಲೆ ಒಂದೇ ಕಪಾಟಿನಲ್ಲಿ ಈಗಾಗಲೇ ಹತ್ತು ಶಾಲು ಇರುವವರಿಗೆ ಹನ್ನೊಂದನೆಯದನ್ನು ಹೊದಿಸುತ್ತೇವೆ. ಉಳಿದ ಹಣದಲ್ಲಿ ಹೊಸದಾಗಿ ಬಂದವರ ಖೋಲಿಯ ಡಿಪಾಜಿಟ್ಟಿಗೆ ಬಡ್ಡಿಯಿಲ್ಲದ ಸಾಲ ಕೊಡೋಣ. ಮೊತ್ತ, ತಾರೀಖು, ಕಂತು ಎಲ್ಲ ಬರೆದಿರಲಿ. ತೀರಿಸಿದ ದಿನ ರಸೀದಿ ಕೊಡೋಣ. ಬರೆದಿಟ್ಟ ಸಾಲ ಬರೆಯದ ಹಂಗಿಗಿಂತ ಸಾವಿರ ಪಾಲು ಮೇಲು.

ಎರಡು, ಭಾನುವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ಹೊಸಬರಿಗೆ ಪಾಠ ನಡೆಯಲಿ. ಟಿಪ್ಪಣಿ, ಕರಡು ಬರೆಯುವುದು, ಕಚೇರಿಯ ಹಿಂದಿ, ದಿನಬಳಕೆಯ ಮರಾಠಿ, ಇಲಾಖಾ ಪರೀಕ್ಷೆಯ ತಯಾರಿ. ಬ್ಯಾಂಕು, ರೈಲ್ವೆ, ಅಂಚೆ, ಖಾಸಗಿ ಕಂಪನಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಟಿಪ್ಪಣಿ ಕಲಿಸುವ ಕೆಲಸಕ್ಕೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಪಿ.ಯು.ಸಿ.ಯಿಂದಲೇ ಆರಂಭಿಸುತ್ತೇನೆ.

ಮೂರು, ನೆರವು ಪಡೆದವರ ಹೆಸರನ್ನು ವೇದಿಕೆಯಲ್ಲಿ ಹೇಳುವುದು ಬೇಡ, ಪತ್ರಿಕೆಯಲ್ಲಿ ಫೋಟೋ ಹಾಕುವುದು ಬೇಡ. ಕುರ್ಚಿ ಹಾಕಲು ಬಂದರೆ ಸಂತೋಷ. ಬಾರದಿದ್ದರೆ ನಾವೇ ಹಾಕಿಕೊಳ್ಳೋಣ, ಸೊಂಟ ಇನ್ನೂ ಗಟ್ಟಿಯಿದೆ.

ಇವರಲ್ಲೂ ಕೆಲವರು ಹೇಳದೆ ಕೇಳದೆ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಹೋಗಲಿ. ಅಲ್ಲಿ ಬಿಹಾರದ ಹುಡುಗನೊಬ್ಬ ಕನ್ನಡ ಬಾರದೆ ಕಣ್ಣು ಕಣ್ಣು ಬಿಡುತ್ತ ನಿಂತಿರುತ್ತಾನೆ. ನಮ್ಮವನು ಅವನನ್ನು ಮನೆಗೆ ಕರೆದೊಯ್ದು ಒಂದು ಹೊತ್ತು ಊಟ ಹಾಕಿದರೆ, ಸಾಯನ್ನಿನ ಮೂರು ತಿಂಗಳ ಲೆಕ್ಕ ಅಂದಿಗೆ ಚುಕ್ತಾ ಆಯಿತೆಂದು ನಮ್ಮ ಹಿರಿಯ ಸದಸ್ಯರು ತಿಳಿಯಬೇಕು.